ಕಾಲೇಜಿಗೆ ‘ಮಾನ್ಯತೆ’ ಇದೆಯೇ? ಪ್ರಶ್ನೆ ಒಂದು, ಅರ್ಥ ಹಲವು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ಪತ್ರಿಕೆಗಳ ಮುಖಪುಟಗಳು ಕಾಲೇಜುಗಳ ಜಾಹೀರಾತಿಗೆ ಮೀಸಲಾಗುತ್ತವೆ. ನಗರ ಸಾರಿಗೆ ಬಸ್ಸುಗಳ ಬೆನ್ನಿನ ಮೇಲೂ ನಗುಮೊಗದ ವಿದ್ಯಾರ್ಥಿಗಳ ಚಿತ್ರ, ಅದರ ಕೆಳಗೆ ‘ನ್ಯಾಕ್ ಎ++’, ‘ಎನ್‌ಬಿಎ ಮಾನ್ಯತೆ’, ‘ಎಐಸಿಟಿಇ ಅನುಮೋದಿತ’, ‘ಯುಜಿಸಿ ಮಾನ್ಯತೆ ಪಡೆದ’ ಎಂಬ ಸಾಲುಗಳು. ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟಲು ಸಿದ್ಧರಾಗಿ ಬಂದ ಪೋಷಕರು ಪ್ರವೇಶ ವಿಭಾಗದಲ್ಲಿ ಕೇಳುವ ಮೊದಲ ಪ್ರಶ್ನೆ ‘ಕಾಲೇಜಿಗೆ ಮಾನ್ಯತೆ ಇದೆಯೇ?’ ಎಂಬುದು. ‘ಇದೆ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಆ ಉತ್ತರ ಸುಳ್ಳೂ ಅಲ್ಲ. ತೊಡಕಿರುವುದು ಪ್ರಶ್ನೆಯಲ್ಲಿ.

ಇಂಗ್ಲಿಷಿನ ‘ರೆಕಗ್ನಿಷನ್’ ಮತ್ತು ‘ಅಕ್ರೆಡಿಟೇಷನ್’ ಎಂಬ ಎರಡು ಬೇರೆ ಬೇರೆ ಪರಿಕಲ್ಪನೆಗಳಿಗೆ ಕನ್ನಡದಲ್ಲಿ ನಾವು ‘ಮಾನ್ಯತೆ’ ಎಂಬ ಒಂದೇ ಪದವನ್ನು ಬಳಸುತ್ತೇವೆ. ಮೊದಲನೆಯದು ಕಾನೂನಿನ ಮಾತು: ಈ ಸಂಸ್ಥೆ ಪದವಿ ನೀಡಬಹುದೇ, ಈ ಕೋರ್ಸನ್ನು ನಡೆಸಬಹುದೇ ಎಂಬುದು. ಎರಡನೆಯದು ಗುಣಮಟ್ಟದ ಮಾತು: ನಡೆಸುತ್ತಿರುವ ಸಂಸ್ಥೆ ಅದನ್ನು ಎಷ್ಟು ಚೆನ್ನಾಗಿ ನಡೆಸುತ್ತಿದೆ ಎಂಬುದು. ಮೊದಲನೆಯದು ಇಲ್ಲದಿದ್ದರೆ ಪದವಿ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಎರಡನೆಯದು ಇಲ್ಲದಿದ್ದರೂ ಪದವಿ ಸಿಂಧುವಾಗಿಯೇ ಇರುತ್ತದೆ, ಆದರೆ ಕೆಲವು ಬಾಗಿಲುಗಳು ಮುಚ್ಚಿರುತ್ತವೆ. ಈ ವ್ಯತ್ಯಾಸವನ್ನು ಅರಿಯದೆ ಮೋಸ ಹೋದವರ ಸಂಖ್ಯೆ ಕಡಿಮೆಯೇನಲ್ಲ.

ಪದವಿ ನೀಡುವ ಅಧಿಕಾರ ಯಾರಿಗೆ?

ಭಾರತದಲ್ಲಿ ಪದವಿ ನೀಡುವ ಅಧಿಕಾರವನ್ನು ನಿರ್ಧರಿಸುವುದು 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯ್ದೆ. ಅದರ 22ನೇ ಸೆಕ್ಷನ್ ಪ್ರಕಾರ ಸಂಸತ್ತಿನ ಅಥವಾ ರಾಜ್ಯ ಶಾಸನಸಭೆಯ ಕಾಯ್ದೆಯ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯ, 3ನೇ ಸೆಕ್ಷನ್ ಅನ್ವಯ ಡೀಮ್ಡ್ ಎಂದು ಘೋಷಿತವಾದ ಸಂಸ್ಥೆ ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ನೀಡಿದ ಸಂಸ್ಥೆ ಮಾತ್ರ ಪದವಿ ನೀಡಬಹುದು. ನಮ್ಮ ಊರಿನ ಕಾಲೇಜು ತಾನಾಗಿ ಪದವಿ ನೀಡುವುದಿಲ್ಲ. ಅದು ಬೆಂಗಳೂರು, ಮೈಸೂರು ಅಥವಾ ಮಂಗಳೂರು ವಿಶ್ವವಿದ್ಯಾಲಯದೊಂದಿಗೆ, ಎಂಜಿನಿಯರಿಂಗ್ ಆದರೆ ಸಾಮಾನ್ಯವಾಗಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದೊಂದಿಗೆ, ನರ್ಸಿಂಗ್ ಅಥವಾ ವೈದ್ಯಕೀಯವಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದೊಂದಿಗೆ ಸಂಯೋಜನೆ ಪಡೆದಿರುತ್ತದೆ. ಪದವಿ ಬರುವುದು ಆ ವಿಶ್ವವಿದ್ಯಾಲಯದ ಹೆಸರಿನಲ್ಲಿ.

ಈ ನಿಯಮವನ್ನು ಮುರಿದವರಿಗೆ ಕಾಯ್ದೆ ವಿಧಿಸುವ ಶಿಕ್ಷೆಯನ್ನು ಕೇಳಿದರೆ ಓದುಗರಿಗೆ ನಗು ಬರಬಹುದು: ಗರಿಷ್ಠ ಒಂದು ಸಾವಿರ ರೂಪಾಯಿ ದಂಡ. 1956ರಲ್ಲಿ ಅದು ದೊಡ್ಡ ಮೊತ್ತವೇ ಆಗಿತ್ತು. ಇಂದು ನಕಲಿ ವಿಶ್ವವಿದ್ಯಾಲಯವೊಂದು ಒಬ್ಬ ವಿದ್ಯಾರ್ಥಿಯ ಅರ್ಜಿ ಶುಲ್ಕದಲ್ಲೇ ಅದನ್ನು ವಸೂಲು ಮಾಡಿಕೊಳ್ಳಬಲ್ಲದು. ಆಯೋಗವು ಕಾಲಕಾಲಕ್ಕೆ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸ ಹೊಂದಿದ್ದ ಸಂಸ್ಥೆಯೊಂದು ವರ್ಷಾನುಗಟ್ಟಲೆ ಆ ಪಟ್ಟಿಯಲ್ಲಿತ್ತು.

ಇದರ ಜೊತೆಗೆ ವೃತ್ತಿಪರ ಕೋರ್ಸುಗಳಿಗೆ ಆಯಾ ನಿಯಂತ್ರಣ ಸಂಸ್ಥೆಯ ಅನುಮೋದನೆಯೂ ಬೇಕು. ಎಂಜಿನಿಯರಿಂಗ್ ಕಾಲೇಜುಗಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ. ಕಾನೂನಿಗೆ ಭಾರತೀಯ ವಕೀಲರ ಪರಿಷತ್ತು. ವೈದ್ಯಕೀಯಕ್ಕೆ 2020ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ. ಇವು ಬಾಗಿಲು ತೆರೆಯಲು ಬೇಕಾದ ಪರವಾನಗಿಗಳು. ಹೋಟೆಲು ನಡೆಸಲು ಪಾಲಿಕೆಯ ಪರವಾನಗಿ ಇದೆ ಎಂದ ಮಾತ್ರಕ್ಕೆ ಅಲ್ಲಿನ ಊಟ ರುಚಿಯಾಗಿದೆ ಎಂದು ಯಾರೂ ಭಾವಿಸುವುದಿಲ್ಲ. ಆದರೆ ‘ಎಐಸಿಟಿಇ ಅನುಮೋದಿತ’ ಎಂಬುದನ್ನು ಮಾತ್ರ ನಾವು ಪ್ರಶಸ್ತಿಯೆಂಬಂತೆ ಓದುತ್ತೇವೆ.

ಮೈಸೂರಿನ ಪಾಠ

ಪರವಾನಗಿಯ ವಿಷಯದಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ರಾಜ್ಯದ ಕಾಯ್ದೆಯ ಮೂಲಕವೇ ಸ್ಥಾಪನೆಯಾದ, ಸರ್ಕಾರದ ಸಂಸ್ಥೆ. ನೌಕರಿಯಲ್ಲಿರುವವರಿಗೆ, ಗೃಹಿಣಿಯರಿಗೆ, ಓದು ಅರ್ಧಕ್ಕೆ ನಿಂತವರಿಗೆ ಅದು ಎರಡನೇ ಅವಕಾಶ. ಆದರೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ರಾಜ್ಯದ ಗಡಿಯಾಚೆ ಅಧ್ಯಯನ ಕೇಂದ್ರಗಳನ್ನು ತೆರೆದದ್ದು, ದೂರಶಿಕ್ಷಣದಲ್ಲಿ ಅವಕಾಶವಿಲ್ಲದ ತಾಂತ್ರಿಕ ಕೋರ್ಸುಗಳನ್ನು ನಡೆಸಿದ್ದು ವಿವಾದಕ್ಕೆ ಕಾರಣವಾಯಿತು. 2012-13ನೇ ಸಾಲಿನ ನಂತರ ವಿಶ್ವವಿದ್ಯಾಲಯದ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು.

ಗಮನಿಸಬೇಕಾದದ್ದು ದಿನಾಂಕಗಳನ್ನು. ಪ್ರಕಟಣೆ ಹೊರಬಿದ್ದದ್ದು 2015ರಲ್ಲಿ. ಅನ್ವಯವಾದದ್ದು ಎರಡು ವರ್ಷ ಹಿಂದಿನಿಂದ. 2013-14 ಮತ್ತು 2014-15ರಲ್ಲಿ ಶುಲ್ಕ ಕಟ್ಟಿ, ಪರೀಕ್ಷೆ ಬರೆದಿದ್ದವರು ಒಂದೇ ದಿನದಲ್ಲಿ ಅತಂತ್ರರಾದರು. ಪೂರ್ವಾನ್ವಯವಾಗಿ ಬಂದ ಈ ಆಘಾತಕ್ಕೆ ವಿದ್ಯಾರ್ಥಿಯ ತಪ್ಪು ಎಲ್ಲಿಯೂ ಇರಲಿಲ್ಲ. ವಿಶ್ವವಿದ್ಯಾಲಯ ಸರ್ಕಾರದ್ದು, ಪ್ರಮಾಣಪತ್ರದ ಮೇಲೆ ಮುದ್ರೆ ಅಸಲಿ, ಆದರೂ ಆ ಪದವಿ ಹಿಡಿದು ನೇಮಕಾತಿಗೆ, ಬಡ್ತಿಗೆ, ಮುಂದಿನ ವ್ಯಾಸಂಗಕ್ಕೆ ಹೋದವರು ಬಾಗಿಲಲ್ಲೇ ನಿಲ್ಲಬೇಕಾಯಿತು. 2018ರಲ್ಲಿ ವಿಶ್ವವಿದ್ಯಾಲಯದ ಕೋರ್ಸುಗಳಿಗೆ ಮಾನ್ಯತೆ ಮರಳಿತು. ಆದರೆ ನಡುವಿನ ವರ್ಷಗಳು ಹಲವರ ವಯೋಮಿತಿಯನ್ನು ಕಸಿದುಕೊಂಡಿದ್ದವು.

ಇಂಥದ್ದೇ ಇನ್ನೊಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಕಠಿಣವಾಗಿತ್ತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಎಐಸಿಟಿಇ ಅನುಮೋದನೆಯಿಲ್ಲದೆ ದೂರಶಿಕ್ಷಣದ ಮೂಲಕ ಎಂಜಿನಿಯರಿಂಗ್ ಪದವಿಗಳನ್ನು ನೀಡಿದ್ದವು. 2017ರ ನವೆಂಬರ್ 3ರ ತೀರ್ಪಿನಲ್ಲಿ ನ್ಯಾಯಾಲಯ 2001ರಿಂದ 2005ರವರೆಗೆ ಸೇರಿದವರ ಪದವಿಯನ್ನು ಅಮಾನತಿನಲ್ಲಿಟ್ಟು, ಎಐಸಿಟಿಇ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಊರ್ಜಿತವೆಂದಿತು. ಅನಂತರ ಸೇರಿದವರ ಪದವಿಗಳು ರದ್ದಾದವು. ಆ ವೇಳೆಗೆ ಅವರಲ್ಲಿ ಅನೇಕರು ಹತ್ತಾರು ವರ್ಷ ಸೇವೆ ಸಲ್ಲಿಸಿದ್ದ ಎಂಜಿನಿಯರುಗಳು.

ನ್ಯಾಕ್ ಅಳೆಯುವುದೇನು?

ಇಷ್ಟು ಪರವಾನಗಿಯ ಮಾತು. ಇನ್ನು ‘ಅಕ್ರೆಡಿಟೇಷನ್’ ಎಂಬ ಅರ್ಥದ ಮಾನ್ಯತೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ 1994ರಲ್ಲಿ ಯುಜಿಸಿಯ ಸ್ವಾಯತ್ತ ಸಂಸ್ಥೆಯಾಗಿ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ, ಅಂದರೆ ನ್ಯಾಕ್ ಅಸ್ತಿತ್ವಕ್ಕೆ ಬಂತು. ದೇಶದ ಇಂಥ ಸಂಸ್ಥೆಗಳ ಕೇಂದ್ರ ಕಚೇರಿ ದೆಹಲಿಯಲ್ಲೇ ಇರಬೇಕೆಂಬ ವಾಡಿಕೆಗೆ ಇದು ಅಪವಾದ. ನ್ಯಾಕ್ ಇರುವುದು ಬೆಂಗಳೂರಿನ ನಾಗರಬಾವಿಯಲ್ಲಿ.

ಆರಂಭದ ವರ್ಷಗಳಲ್ಲಿ ಹೋಟೆಲುಗಳಿಗೆ ಕೊಡುವಂತೆ ಕಾಲೇಜುಗಳಿಗೂ ತಾರೆಗಳನ್ನು ನೀಡಲಾಗುತ್ತಿತ್ತು. ಕೆಲವು ಹಳೆಯ ಕಾಲೇಜುಗಳ ಗೋಡೆಯ ಮೇಲೆ ಇಂದಿಗೂ ಕಾಣಸಿಗುವ ‘ಪಂಚತಾರಾ ಮಾನ್ಯತೆ’ಯ ಫಲಕ ಆ ಕಾಲದ್ದು. ಬಳಿಕ ಪದ್ಧತಿ ಹಲವು ಬಾರಿ ಬದಲಾಯಿತು. ಇಂದು ಜಾಹೀರಾತುಗಳಲ್ಲಿ ಕಾಣುವ ಶ್ರೇಣಿಗಳು 2016ರ ಜುಲೈನಲ್ಲಿ ಜಾರಿಗೆ ಬಂದವು. ನಾಲ್ಕು ಅಂಕಗಳ ಮಾಪಕದಲ್ಲಿ 3.51ರಿಂದ 4 ಪಡೆದರೆ ಎ++, 3.26ರಿಂದ 3.50ರವರೆಗೆ ಎ+, 3.01ರಿಂದ 3.25ರವರೆಗೆ ಎ. ಅದರ ಕೆಳಗೆ ಬಿ++, ಬಿ+, ಬಿ, ಸಿ. ಅಂಕ 1.50 ಅಥವಾ ಅದಕ್ಕಿಂತ ಕಡಿಮೆಯಾದರೆ ಡಿ. ಅಂದರೆ ಮಾನ್ಯತೆ ಇಲ್ಲ. ಶ್ರೇಣಿಯ ಅವಧಿ ಐದು ವರ್ಷ. ಸತತವಾಗಿ ಅತ್ಯುನ್ನತ ಶ್ರೇಣಿ ಉಳಿಸಿಕೊಂಡ ಸಂಸ್ಥೆಗಳಿಗೆ ಏಳು ವರ್ಷ.

ಅಳೆಯುವ ಮಾನದಂಡಗಳು ಏಳು: ಪಠ್ಯಕ್ರಮ; ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ; ಸಂಶೋಧನೆ ಮತ್ತು ವಿಸ್ತರಣೆ; ಮೂಲಸೌಕರ್ಯ; ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ; ಆಡಳಿತ; ಸಾಂಸ್ಥಿಕ ಮೌಲ್ಯಗಳು. ಇವುಗಳ ತೂಕ ಎಲ್ಲ ಸಂಸ್ಥೆಗಳಿಗೂ ಒಂದೇ ಅಲ್ಲ. ಸಂಯೋಜಿತ ಕಾಲೇಜಿಗೆ ಒಟ್ಟು 1000 ಅಂಕಗಳಲ್ಲಿ 350 ಬೋಧನೆ ಮತ್ತು ಕಲಿಕೆಗೆ ಮೀಸಲು. ವಿಶ್ವವಿದ್ಯಾಲಯವಾದರೆ ಸಂಶೋಧನೆಗೆ 250, ಬೋಧನೆಗೆ 200 ಮಾತ್ರ. ಆದ್ದರಿಂದ ವಿಶ್ವವಿದ್ಯಾಲಯವೊಂದರ ಎ+ ಮತ್ತು ಪಕ್ಕದ ಪದವಿ ಕಾಲೇಜಿನ ಎ+ ಒಂದೇ ಬಗೆಯ ಗುಣವನ್ನು ಸೂಚಿಸುವುದಿಲ್ಲ. ಬಿ.ಕಾಂ. ಓದಬೇಕೆಂದಿರುವ ಹುಡುಗಿಗೆ ಪ್ರಬಂಧಗಳ ಸಂಖ್ಯೆಗಿಂತ ತರಗತಿಯಲ್ಲಿ ಉಪನ್ಯಾಸಕರಿದ್ದಾರೆಯೇ ಎಂಬುದೇ ಮುಖ್ಯ.

2017ರಲ್ಲಿ ಪ್ರಕ್ರಿಯೆಯನ್ನು ಪರಿಷ್ಕರಿಸಿ, ಅಂಕಗಳ ಸುಮಾರು 70 ಶೇಕಡಾ ಭಾಗವನ್ನು ಸಂಸ್ಥೆ ಸಲ್ಲಿಸುವ ಸ್ವ-ಅಧ್ಯಯನ ವರದಿಯ ದತ್ತಾಂಶದಿಂದಲೇ ನಿರ್ಧರಿಸುವಂತೆ ಮಾಡಲಾಯಿತು. ಉಳಿದದ್ದು ಪರಿಣತರ ತಂಡದ ಭೇಟಿಯನ್ನು ಅವಲಂಬಿಸಿತ್ತು. ಆ ಭೇಟಿಯ ದಿನಗಳನ್ನು ಕಂಡವರಿಗೆ ಅದರ ಸಂಭ್ರಮ ಗೊತ್ತು: ಹೊಸ ಸುಣ್ಣಬಣ್ಣ, ಬಾಗಿಲಲ್ಲಿ ರಂಗೋಲಿ, ಪೂರ್ಣಕುಂಭ, ಅಂದು ಮಾತ್ರ ನೀರು ಬರುವ ಶೌಚಾಲಯದ ನಲ್ಲಿ. ಇದನ್ನೆಲ್ಲ ನೋಡಿ ಮಾನ್ಯತೆಯೇ ಒಂದು ನಾಟಕ ಎನ್ನುವವರಿದ್ದಾರೆ. ಆ ಮಾತು ಅರ್ಧ ಮಾತ್ರ ಸರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಗ್ರಂಥಾಲಯದ ಪುಸ್ತಕಪಟ್ಟಿ ಸಿದ್ಧವಾದದ್ದು, ಹಳೆಯ ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆಂದು ಯಾರಾದರೂ ಮೊದಲ ಬಾರಿಗೆ ವಿಚಾರಿಸಿದ್ದು ನ್ಯಾಕ್‌ನ ದೆಸೆಯಿಂದಲೇ ಆದ ಉದಾಹರಣೆಗಳೂ ಇವೆ.

ಶ್ರೇಣಿಯಿಂದ ವಿದ್ಯಾರ್ಥಿಗೆ ಆಗುವ ಪ್ರಯೋಜನ

ಪ್ರಯೋಜನಗಳಲ್ಲಿ ಕೆಲವು ಕಣ್ಣಿಗೆ ಕಾಣುವುದಿಲ್ಲ. ಕೇಂದ್ರದ ಅನುದಾನಗಳು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನದ ಹಣ ಸೇರಿದಂತೆ, ಮಾನ್ಯತೆಯೊಂದಿಗೆ ತಳುಕು ಹಾಕಿಕೊಂಡವು. ಪಠ್ಯಕ್ರಮ ರೂಪಿಸಿ ಪರೀಕ್ಷೆ ನಡೆಸುವ ಸ್ವಾಯತ್ತ ಸ್ಥಾನ ಪಡೆಯಲು ಕಾಲೇಜಿಗೆ ನಿಗದಿತ ಮಟ್ಟದ ಮಾನ್ಯತೆ ಬೇಕು. ಆನ್‌ಲೈನ್ ಪದವಿ ಕೋರ್ಸು ನಡೆಸಲು ಬಯಸುವ ವಿಶ್ವವಿದ್ಯಾಲಯಗಳಿಗೆ ಯುಜಿಸಿಯ 2020ರ ನಿಯಮಾವಳಿ 3.26 ಅಂಕಗಳ ನ್ಯಾಕ್ ಶ್ರೇಣಿಯನ್ನು ಅಥವಾ ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಮೊದಲ ನೂರರೊಳಗಿನ ಸ್ಥಾನವನ್ನು ಅರ್ಹತೆಯಾಗಿ ವಿಧಿಸಿತು. ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕುವವರಿಗೆ ಇನ್ನೊಂದು ಮುಖ ಕಾಣುತ್ತದೆ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಪದವಿ ಪಡೆದ ಭಾರತೀಯ ಸಂಸ್ಥೆಯ ನ್ಯಾಕ್ ಶ್ರೇಣಿಯನ್ನು ನೋಡಿ, ಕನಿಷ್ಠ ಎಷ್ಟು ಶೇಕಡಾ ಅಂಕ ಬೇಕೆಂದು ನಿಗದಿಪಡಿಸುವುದುಂಟು.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾತ್ರ ನ್ಯಾಕ್‌ಗಿಂತ ಹೆಚ್ಚು ಗಮನಿಸಬೇಕಾದದ್ದು ರಾಷ್ಟ್ರೀಯ ಮಾನ್ಯತಾ ಮಂಡಳಿಯನ್ನು, ಅಂದರೆ ಎನ್‌ಬಿಎಯನ್ನು. 1994ರಲ್ಲಿ ಎಐಸಿಟಿಇ ಸ್ಥಾಪಿಸಿದ ಈ ಮಂಡಳಿ 2010ರ ಜನವರಿಯಲ್ಲಿ ಸ್ವಾಯತ್ತವಾಯಿತು. ನ್ಯಾಕ್ ಇಡೀ ಸಂಸ್ಥೆಯನ್ನು ಅಳೆದರೆ ಎನ್‌ಬಿಎ ಒಂದೊಂದು ಕೋರ್ಸನ್ನು ಪ್ರತ್ಯೇಕವಾಗಿ ಅಳೆಯುತ್ತದೆ. ಒಂದೇ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಮಾನ್ಯತೆ ಇದ್ದು, ಮೂರು ವರ್ಷದ ಹಿಂದೆ ಆರಂಭವಾದ ಕೃತಕ ಬುದ್ಧಿಮತ್ತೆಯ ವಿಭಾಗಕ್ಕೆ ಇಲ್ಲದಿರಬಹುದು. ಇಲ್ಲದಿರುವುದು ಸಹಜವೇ, ಏಕೆಂದರೆ ಎರಡು ತಂಡಗಳು ಪದವಿ ಮುಗಿಸಿ ಹೊರಬರುವವರೆಗೆ ಆ ಕೋರ್ಸು ಅರ್ಜಿ ಹಾಕುವಂತೆಯೇ ಇಲ್ಲ. ಆದರೆ ಹೊಸ ವಿಭಾಗಕ್ಕೆ ಸೀಟು ತುಂಬುವ ಜಾಹೀರಾತಿನಲ್ಲಿ ಹಳೆಯ ವಿಭಾಗದ ಎನ್‌ಬಿಎ ಮುದ್ರೆ ರಾರಾಜಿಸುತ್ತಿರುತ್ತದೆ.

2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯ ರಾಷ್ಟ್ರವಾಯಿತು. ಸದಸ್ಯ ರಾಷ್ಟ್ರಗಳು ಪರಸ್ಪರರ ಮಾನ್ಯತೆ ಪಡೆದ ಎಂಜಿನಿಯರಿಂಗ್ ಪದವಿಗಳನ್ನು ಸಮಾನವೆಂದು ಪರಿಗಣಿಸುವ ಒಪ್ಪಂದವಿದು. ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್‌ಗಳಲ್ಲಿ ವೃತ್ತಿಪರ ಎಂಜಿನಿಯರ್ ಎಂದು ನೋಂದಾಯಿಸಿಕೊಳ್ಳಬಯಸುವವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಜಾಹೀರಾತುಗಳು ಹೇಳದ ಒಂದು ಸೂಕ್ಷ್ಮವಿದೆ. ಎನ್‌ಬಿಎಯಲ್ಲಿ ಎರಡು ಸ್ತರಗಳಿವೆ. ಸ್ವಾಯತ್ತ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯಗಳ ಕೋರ್ಸುಗಳು ಮೊದಲ ಸ್ತರದಲ್ಲಿ, ಸ್ವಾಯತ್ತವಲ್ಲದ ಸಂಯೋಜಿತ ಕಾಲೇಜುಗಳ ಕೋರ್ಸುಗಳು ಎರಡನೇ ಸ್ತರದಲ್ಲಿ. ಒಪ್ಪಂದದ ಲಾಭ ಮೊದಲ ಸ್ತರಕ್ಕೆ ಮಾತ್ರ. ಎನ್‌ಬಿಎ ಮಾನ್ಯತೆ ಮೂರು ಅಥವಾ ಆರು ವರ್ಷಗಳಿಗೆ ದೊರೆಯುತ್ತದೆ, ಮತ್ತು ಲೆಕ್ಕಕ್ಕೆ ಬರುವುದು ಸೇರುವ ವರ್ಷವಲ್ಲ, ಪದವಿ ಪಡೆಯುವ ವರ್ಷ.

ಅಂಕಿಗಳೂ ಕಳಂಕಗಳೂ

ಮಾನ್ಯತೆ ಪಡೆಯುವುದನ್ನು ಯುಜಿಸಿ 2012ರ ನಿಯಮಾವಳಿಯ ಮೂಲಕ ಕಡ್ಡಾಯಗೊಳಿಸಿತು. ಕಡ್ಡಾಯ ಎಂಬ ಪದಕ್ಕೆ ನಮ್ಮಲ್ಲಿರುವ ಅರ್ಥ 2023ರ ಫೆಬ್ರವರಿಯಲ್ಲಿ ಲೋಕಸಭೆಗೆ ಕೇಂದ್ರ ಸರ್ಕಾರ ನೀಡಿದ ಉತ್ತರದಲ್ಲಿ ಸ್ಪಷ್ಟವಾಯಿತು. ದೇಶದ 1,113 ವಿಶ್ವವಿದ್ಯಾಲಯಗಳ ಪೈಕಿ ನ್ಯಾಕ್ ಮಾನ್ಯತೆ ಇದ್ದದ್ದು 418ಕ್ಕೆ. 43,796 ಕಾಲೇಜುಗಳ ಪೈಕಿ 9,062ಕ್ಕೆ. ಅಂದರೆ ಐದರಲ್ಲಿ ಸುಮಾರು ನಾಲ್ಕು ಕಾಲೇಜುಗಳು ಮಾನ್ಯತೆಯಿಲ್ಲದೆಯೇ ನಡೆಯುತ್ತಿದ್ದವು. ಉನ್ನತ ಶಿಕ್ಷಣದ 2021-22ರ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ದೇಶದಲ್ಲೇ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ನಮ್ಮ ಬೆಂಗಳೂರು ನಗರ, ಸಂಖ್ಯೆ 1,106. ಇಷ್ಟು ದೊಡ್ಡ ಸಂತೆಯಲ್ಲಿ ವಿದ್ಯಾರ್ಥಿಗೆ ಅಳತೆಗೋಲಿನ ಅಗತ್ಯ ಬೇರೆಡೆಗಿಂತ ಹೆಚ್ಚು.

ಅಳತೆಗೋಲೇ ಡೊಂಕಾದರೆ? ಆ ಅನುಮಾನ ಈಚಿನ ವರ್ಷಗಳಲ್ಲಿ ಬಲವಾಗಿದೆ. 2023ರ ಮಾರ್ಚ್‌ನಲ್ಲಿ ನ್ಯಾಕ್ ಕಾರ್ಯಕಾರಿ ಸಮಿತಿಯ ಅಧ್ಯಕ್ಷ ಭೂಷಣ್ ಪಟವರ್ಧನ್ ಅವರು ಮೌಲ್ಯಾಂಕನದಲ್ಲಿ ಅಕ್ರಮಗಳ ಸಾಧ್ಯತೆಯ ಬಗ್ಗೆ ಕಳವಳ ವ್ಯಕ್ತಪಡಿಸಿ ರಾಜೀನಾಮೆ ನೀಡಿದರು. 2025ರ ಫೆಬ್ರವರಿಯಲ್ಲಿ ಎ++ ಶ್ರೇಣಿಗಾಗಿ ಲಂಚ ನೀಡಿದ ಆರೋಪದಲ್ಲಿ ಆಂಧ್ರಪ್ರದೇಶದ ಗುಂಟೂರು ಭಾಗದ ಸಂಸ್ಥೆಯೊಂದರ ಪದಾಧಿಕಾರಿಗಳನ್ನೂ ನ್ಯಾಕ್ ತಂಡದ ಸದಸ್ಯರನ್ನೂ ಸಿಬಿಐ ಬಂಧಿಸಿತು. ಬಂಧಿತರಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರಿದ್ದರು. ಕರ್ನಾಟಕವೂ ಆ ಪಟ್ಟಿಯಿಂದ ಹೊರಗಿರಲಿಲ್ಲ. ಬಳಿಕ ನ್ಯಾಕ್ ನೂರಾರು ಪರಿಣತರನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು, ಕಾಲೇಜುಗಳ ಭೇಟಿಯನ್ನು ಆನ್‌ಲೈನ್ ಮೂಲಕ ನಡೆಸುವ ನಿರ್ಧಾರಕ್ಕೆ ಬಂತು. ಲಂಚದ ದಾರಿ ಇದರಿಂದ ಕಿರಿದಾದೀತು. ಆದರೆ ಕ್ಯಾಮೆರಾದ ಮುಂದೆ ಪ್ರಯೋಗಾಲಯದ ಧೂಳು ಕಾಣುವುದೇ ಎಂಬ ಪ್ರಶ್ನೆ ಉಳಿದೇ ಇದೆ.

ಶ್ರೇಣಿಗಳ ಪೈಪೋಟಿಯೇ ಈ ರೋಗದ ಮೂಲ ಎಂಬ ವಾದವೂ ಇದೆ. ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿಯ ಶಿಫಾರಸಿನಂತೆ, ಅಕ್ಷರ ಶ್ರೇಣಿಗಳ ಬದಲು ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂಬ ಸರಳ ವಿಂಗಡಣೆಯನ್ನು ತರುವುದಾಗಿ 2024ರ ಜನವರಿಯಲ್ಲಿ ಘೋಷಿಸಲಾಯಿತು. ಇನ್ನೂ ಮೇಲೇರಬಯಸುವ ಸಂಸ್ಥೆಗಳಿಗೆ ಒಂದರಿಂದ ಐದರವರೆಗಿನ ಹಂತಗಳಿರುತ್ತವೆ. ಜಾರಿಯ ವೇಳಾಪಟ್ಟಿ ಮಾತ್ರ ಮುಂದಕ್ಕೆ ಹೋಗುತ್ತ ಬಂದಿತು. ಹಳೆಯ ಶ್ರೇಣಿಗಳಿಗೆ ಅವುಗಳ ಅವಧಿ ಮುಗಿಯುವವರೆಗೆ ಬೆಲೆಯಿರುವುದರಿಂದ ಎ++ ಫಲಕಗಳು ಸದ್ಯಕ್ಕೆ ಗೋಡೆಯಿಂದ ಇಳಿಯುವುದಿಲ್ಲ.

ಫಲಕದ ಹಿಂದೆ ನೋಡುವುದು ಹೇಗೆ?

ಹಾಗಾದರೆ ಪೋಷಕರು ಏನು ಮಾಡಬೇಕು? ‘ಮಾನ್ಯತೆ ಇದೆಯೇ’ ಎಂಬ ಒಂದು ಪ್ರಶ್ನೆಯನ್ನು ಒಡೆದು ಕೇಳಬೇಕು. ಪದವಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿರುತ್ತದೆ, ಈ ಸಾಲಿಗೆ ಸಂಯೋಜನೆ ನವೀಕರಣವಾಗಿದೆಯೇ? ಎಐಸಿಟಿಇ ಅಥವಾ ಆಯಾ ಪರಿಷತ್ತಿನ ಅನುಮೋದನೆ ಇದೇ ಕೋರ್ಸಿಗೆ ಇದೆಯೇ, ಎಷ್ಟು ಸೀಟುಗಳಿಗೆ? ನ್ಯಾಕ್ ಪ್ರಮಾಣಪತ್ರದ ಕೊನೆಯ ದಿನಾಂಕ ಯಾವುದು? ಹಳೆಯ ಶ್ರೇಣಿಯ ಅವಧಿ ಮುಗಿದ ಮೇಲೂ ಅದನ್ನೇ ಜಾಹೀರಾತಿನಲ್ಲಿ ಮುಂದುವರಿಸುವ ಕಾಲೇಜುಗಳಿವೆ. ಇವೆಲ್ಲವನ್ನೂ ಆಯಾ ಮಂಡಳಿಗಳ ಅಂತರಜಾಲ ತಾಣಗಳಲ್ಲಿ ಪರಿಶೀಲಿಸಬಹುದು; ಪ್ರವೇಶ ಕಚೇರಿಯ ಮಾತನ್ನೇ ನಂಬಿ ಕೂರುವ ಅಗತ್ಯವಿಲ್ಲ.

ಇನ್ನೊಂದು ದಾರಿಯನ್ನು ಬಹಳ ಮಂದಿ ಬಳಸುವುದೇ ಇಲ್ಲ. ಮಾನ್ಯತೆಗೆ ಅರ್ಜಿ ಹಾಕಿದ ಸಂಸ್ಥೆ ತನ್ನ ಸ್ವ-ಅಧ್ಯಯನ ವರದಿಯನ್ನೂ ಪ್ರತಿವರ್ಷದ ಗುಣಮಟ್ಟ ಖಾತರಿ ವರದಿಯನ್ನೂ ತನ್ನ ಜಾಲತಾಣದಲ್ಲಿ ಹಾಕಬೇಕು. ಪೂರ್ಣಾವಧಿ ಶಿಕ್ಷಕರು ಎಷ್ಟು, ಅವರಲ್ಲಿ ಪಿಎಚ್.ಡಿ. ಪಡೆದವರೆಷ್ಟು, ತೇರ್ಗಡೆಯ ಪ್ರಮಾಣ ಎಷ್ಟು, ಎಷ್ಟು ಮಂದಿಗೆ ಉದ್ಯೋಗ ಸಿಕ್ಕಿತು, ಗ್ರಂಥಾಲಯಕ್ಕೆ ಖರ್ಚಾದ ಹಣವೆಷ್ಟು ಎಂಬುದೆಲ್ಲ ಅಲ್ಲಿರುತ್ತದೆ. ಬಣ್ಣದ ಕೈಪಿಡಿಯಲ್ಲಿ ‘ನೂರಕ್ಕೆ ನೂರು ಉದ್ಯೋಗ’ ಎಂದಿರುವ ಕಾಲೇಜು ನ್ಯಾಕ್‌ಗೆ ಕೊಟ್ಟ ಲೆಕ್ಕದಲ್ಲಿ ಬೇರೆಯೇ ಸಂಖ್ಯೆಯನ್ನು ಬರೆದಿರಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವುದಕ್ಕೆ ಅರ್ಧ ದಿನ ಸಾಕು.

ಇಷ್ಟೆಲ್ಲ ಆಯ್ಕೆ ಇರುವುದು ನಗರದವರಿಗೆ. ತಾಲ್ಲೂಕು ಕೇಂದ್ರದಲ್ಲಿ ಇರುವ ಒಂದೇ ಪ್ರಥಮ ದರ್ಜೆ ಕಾಲೇಜಿಗೆ ಬಸ್ಸು ಹಿಡಿದು ಬರುವ ವಿದ್ಯಾರ್ಥಿಗೆ ಅದರ ಶ್ರೇಣಿ ಬಿ ಆದರೂ ಸಿ ಆದರೂ ಸೇರುವುದು ಅಲ್ಲಿಗೇ. ಅಂಥವರಿಗೆ ಮಾನ್ಯತೆ ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬರುತ್ತದೆ. ನ್ಯಾಕ್ ನಡೆಸುವ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯ ಪ್ರಶ್ನಾವಳಿ ಕಾಲೇಜಿನ ಮೂಲಕವಲ್ಲದೆ ನೇರವಾಗಿ ವಿದ್ಯಾರ್ಥಿಗಳ ಇ-ಮೇಲ್‌ಗೆ ಬರುತ್ತದೆ. ಪಠ್ಯದ ಎಷ್ಟು ಭಾಗವನ್ನು ತರಗತಿಯಲ್ಲಿ ಮುಗಿಸಿದರು, ಉಪನ್ಯಾಸಕರು ಎಷ್ಟು ಸಿದ್ಧತೆ ಮಾಡಿಕೊಂಡು ಬರುತ್ತಾರೆ ಎಂಬುದು ಅಲ್ಲಿನ ಮೊದಲ ಪ್ರಶ್ನೆಗಳು. ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದಲ್ಲಿ ವಿದ್ಯಾರ್ಥಿ ಪ್ರತಿನಿಧಿಗೂ ಸ್ಥಾನವಿದೆ. ಆ ಪ್ರತಿನಿಧಿ ಯಾರು, ಕಳೆದ ಸಭೆ ಯಾವಾಗ ನಡೆಯಿತು, ನಡಾವಳಿ ಎಲ್ಲಿದೆ ಎಂದು ಪ್ರಾಂಶುಪಾಲರನ್ನು ಕೇಳುವ ಹಕ್ಕು ಆ ಕಾಲೇಜಿನ ಪ್ರತಿ ವಿದ್ಯಾರ್ಥಿಗೂ ಇದೆ.